ಸಿಡಿಲು ಬಡಿದ ಪೆಟ್ಟಿಗೆ, ಆರಿಹೋದ ಹದ

ಮೂರು ಕಡೆ ಕರ್ನಾಟಕ, ಒಂದೇ ಕಡೆ ಆಂಧ್ರ. ಮಡಕಶಿರಾ ಸೀಮೆಯ ನಕಾಶೆ ಇರುವುದೇ ಹಾಗೆ. ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಸುತ್ತಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು, ಸಂತೆಯಲ್ಲಿ ಎರಡೂ ನಡೆಯುತ್ತವೆ. ಮಳೆಯನ್ನೇ ನಂಬಿದ ಇಲ್ಲಿನ ರೈತನಿಗೆ ವರ್ಷದಲ್ಲಿ ನಾಲ್ಕೈದು ದಿನಗಳೇ ಲೆಕ್ಕದ ದಿನಗಳು. ಮಳೆ ಬಿದ್ದು ಕೆಂಪು ನೆಲ ಹದವಾಗಿ, ಆ ಹದ ಆರುವ ಮೊದಲು ಕಡ್ಲೇಕಾಯಿ ಬೀಜ ಸಾಲಿಗೆ ಬೀಳಬೇಕು. ಬಿದ್ದರೆ ಬೆಳೆ, ಇಲ್ಲದಿದ್ದರೆ ಮತ್ತೆ ಮೋಡ ನೋಡುತ್ತಾ ಕೂರಬೇಕು.

ಕೆಲವು ವರ್ಷಗಳ ಹಿಂದೆ ಅಂಥ ಹದದ ದಿನಗಳಲ್ಲೇ, ನಮ್ಮ ಸುತ್ತಿನ ಹಳ್ಳಿಗಳಿಗೆ ಸಬ್ಸಿಡಿ ಬೀಜ ಹಂಚುತ್ತಿದ್ದ ಕಚೇರಿಯೊಂದಕ್ಕೆ ಸಂಜೆಯ ಮಳೆಯಲ್ಲಿ ಸಿಡಿಲು ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಗೋಡೆ ಬಿರುಕು ಬಿಡಲಿಲ್ಲ. ಬೀಜದ ಮೂಟೆಗಳು ಅಟ್ಟಿ ಕಟ್ಟಿದಂತೆಯೇ ಇದ್ದವು. ಬೆಳಿಗ್ಗೆ ಪಾಸ್‌ಬುಕ್ಕು ಹಿಡಿದು ಸಾಲು ನಿಂತವರಿಗೆ ಗೊತ್ತಾಗಿದ್ದು ಇಷ್ಟೇ: ಹೆಬ್ಬೆಟ್ಟಿನ ಮಿಷನ್ ತಿರುಗುತ್ತಲೇ ಇದೆ, ಹತ್ತುತ್ತಿಲ್ಲ. ಮೂಲೆಯಲ್ಲಿ ಮೊಳೆಗೆ ತಗುಲಿಹಾಕಿದ್ದ ಅಂಗೈಯಗಲದ ಪೆಟ್ಟಿಗೆಯೊಂದರ ದೀಪಗಳು ಆರಿಹೋಗಿದ್ದವು. ಅದರ ಹೆಸರು ರೂಟರ್.

"ಮೂಟೆ ಕಣ್ಣೆದುರಿಗೇ ಐತಲ್ಲ ಸಾರ್, ಬುಕ್ಕಿನಾಗೆ ಬರ್ಕೊಂಡು ಕೊಡಿ. ಹೆಬ್ಬೆಟ್ಟು ಆಮ್ಯಾಕೆ ಒತ್ತುತೀವಿ" ಎಂದರು ಒಬ್ಬ ಹಿರಿಯರು.

"ಮಿಷನ್ನಾಗೆ ಹತ್ತದೆ ಒಂದು ಕಾಳೂ ಕೊಡೋ ಹಂಗಿಲ್ಲ ತಾತಾ. ನನ್ನ ನೌಕರಿಗೇ ಬತ್ತದೆ" ಎಂದ ಒಳಗಿದ್ದ ಹುಡುಗ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಪೆಟ್ಟಿಗೆಗೆ ಮತ್ತೆ ಜೀವ ಬಂದದ್ದು ನಾಲ್ಕನೆಯ ದಿನ ಮಧ್ಯಾಹ್ನ. ಅಷ್ಟರಲ್ಲಿ ಗಾಳಿ ಎದ್ದು ಹೊಲ ಒಣಗಿತ್ತು. ಕೈಯಲ್ಲಿ ದುಡ್ಡಿದ್ದವರು ಅಂಗಡಿಯಲ್ಲಿ ಹೆಚ್ಚಿನ ಬೆಲೆಗೆ ಬೀಜ ಕೊಂಡು ಬಿತ್ತಿದ್ದರು. ಇಲ್ಲದವರು ಸಾಲಿನಲ್ಲೇ ನಿಂತಿದ್ದರು. ಅವರಲ್ಲಿ ಹಲವರಿಗೆ ಆ ವರ್ಷ ಒಳ್ಳೆಯ ಬಿತ್ತನೆ ಸಿಗಲೇ ಇಲ್ಲ. ಸಿಡಿಲು ಹೊಲಕ್ಕೆ ಬಡಿದಿರಲಿಲ್ಲ, ಆದರೂ ಬೆಳೆ ಹೋಯಿತು.

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದ ರೈತನಿಗೆ ರೂಟರಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಪಡಿತರ, ಪಿಂಚಣಿ, ಬೀಜ, ಪಹಣಿ, ಬ್ಯಾಂಕು ಎಲ್ಲವೂ ಆ ಪೆಟ್ಟಿಗೆಯ ಮೂಲಕವೇ ಬರುತ್ತಿರುವಾಗ ಅದು ಕೆಟ್ಟರೆ ಏನು ಗತಿ ಎಂಬುದನ್ನು ರೈತನೂ ತಿಳಿಯಬೇಕಾಗಿದೆ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ನನ್ನ ಅಕ್ಕನ ಮಗನನ್ನು ಹಬ್ಬಕ್ಕೆ ಬಂದಾಗಲೆಲ್ಲ ಕೂರಿಸಿಕೊಂಡು ಕೇಳಿ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೀರುವಿನಲ್ಲಿದ್ದ ಇನ್ನೊಂದು ಪೆಟ್ಟಿಗೆ

ನಮ್ಮ ಕಚೇರಿಯ ಕಥೆಯಲ್ಲಿ ವಿಚಿತ್ರವೆಂದರೆ, ಬೀರುವಿನಲ್ಲಿ ಇನ್ನೊಂದು ಹೊಸ ಪೆಟ್ಟಿಗೆ ಇತ್ತು. ಮೇಲಿನವರು ಮುಂಚೆಯೇ ಕೊಟ್ಟಿಟ್ಟಿದ್ದರು. ಹುಡುಗ ಮೊದಲ ದಿನವೇ ಅದನ್ನು ತೆಗೆದು ಕೂರಿಸಿದ. ದೀಪಗಳು ಹತ್ತಿದವು, ಕೆಲಸ ಮಾತ್ರ ನಡೆಯಲಿಲ್ಲ.

"ಮಾಮ, ಹೊಸ ಪೆಟ್ಟಿಗೆ ಅಂದ್ರೆ ಪಳಗದ ಹೋರಿ ಇದ್ದಂಗೆ" ಎಂದು ಅಕ್ಕನ ಮಗ ವಿವರಿಸಿದ. "ಮೈಯಾಗೆ ಶಕ್ತಿ ಐತೆ, ಸಾಲು ಗೊತ್ತಿಲ್ಲ." ಯಾವ ದಾರಿಯಲ್ಲಿ ಹೋಗಬೇಕು, ತನ್ನ ವಿಳಾಸವೇನು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬುದನ್ನೆಲ್ಲ ಪೆಟ್ಟಿಗೆಗೆ ಬರೆದು ಕಲಿಸಬೇಕು. ಇದಕ್ಕೆ ಕಾನ್ಫಿಗರೇಷನ್ ಎನ್ನುತ್ತಾರೆ. ನಮ್ಮ ಹುಡುಗರ ಬಾಯಲ್ಲಿ ಅದು ಸೆಟ್ಟಿಂಗು. ಒಂದು ಸಣ್ಣ ಕಚೇರಿಯ ಸೆಟ್ಟಿಂಗನ್ನು ಕಾಗದಕ್ಕೆ ಇಳಿಸಿದರೆ ಎರಡು ಮೂರು ಪುಟವೂ ಆಗದು. ಆ ಎರಡು ಪುಟ ಇಲ್ಲದಿದ್ದರೆ ಸಾವಿರಾರು ರೂಪಾಯಿಯ ಪೆಟ್ಟಿಗೆ ಬರೀ ಡಬ್ಬಿ.

ಇನ್ನೊಂದು ಸೂಕ್ಷ್ಮವೂ ಇದೆ. ದೊಡ್ಡ ಕಚೇರಿಗಳಲ್ಲಿ ಬಳಸುವ ಕೆಲವು ರೂಟರು, ಸ್ವಿಚ್ಚುಗಳಲ್ಲಿ ಎರಡು ನೆನಪುಗಳಿರುತ್ತವೆ. ಒಂದು, ಈಗ ನಡೆಯುತ್ತಿರುವ ಸೆಟ್ಟಿಂಗು. ಇನ್ನೊಂದು, ಕರೆಂಟು ಹೋಗಿ ಬಂದ ಮೇಲೆ ಓದಿಕೊಳ್ಳುವ ಸೆಟ್ಟಿಂಗು. ಯಾರೋ ಬಂದು ಏನೋ ಬದಲಾಯಿಸಿ, ಉಳಿಸುವುದನ್ನು ಮರೆತು ಹೋದರೆ ತಿಂಗಳುಗಟ್ಟಲೆ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಒಂದು ದಿನ ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ಹಳೆಯದನ್ನೇ ನೆನೆಸಿಕೊಂಡು ಏಳುತ್ತದೆ. ಬಾಯಿಮಾತಿನಲ್ಲಿ ನಡೆದ ಪಾಲುಪಟ್ಟಿಯನ್ನು ಪತ್ರಕ್ಕೆ ಏರಿಸದೆ ಹಿರಿಯರು ಕಣ್ಣು ಮುಚ್ಚಿದಂತೆ.

ನಮ್ಮ ಕಚೇರಿಯಲ್ಲಿ ಸೆಟ್ಟಿಂಗಿನ ಪ್ರತಿ ಇರಲೇ ಇಲ್ಲವೆಂದಲ್ಲ. ಒಂದು ಪ್ರತಿ, ಮೊದಲಿದ್ದ ಗುಮಾಸ್ತರ ನೋಟ್‌ಬುಕ್ಕಿನಲ್ಲಿತ್ತು. ಅವರಿಗೆ ವರ್ಗವಾಗಿತ್ತು. ಇನ್ನೊಂದು ಪ್ರತಿ ಕಚೇರಿಯ ಈಮೇಲಿನಲ್ಲಿತ್ತು. ಈಮೇಲು ತೆರೆಯಲು ನೆಟ್ಟು ಬೇಕು. ನೆಟ್ಟು ಬರಲು ಈಮೇಲು ತೆರೆಯಬೇಕು. ಹತ್ತಿರದ ರಿಪೇರಿಯವನು ಸಿಕ್ಕಿದ್ದು ಕರ್ನಾಟಕದ ಸಿರಾ ಕಡೆಯಿಂದ. ಬೈಕಿನಲ್ಲಿ ಬಂದ. ಹಳೆಯ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ಅರ್ಧ ದಾರಿ ಬರೆದಿತ್ತು, ಆದರೆ ತೆಲುಗಿನಲ್ಲಿ. ಅವನಿಗೆ ತೆಲುಗು ಅಕ್ಷರ ಬಾರದು. ಸಾಲಿನಲ್ಲಿ ನಿಂತಿದ್ದ ನಾನು ಕೂತು ಓದಿ ಹೇಳಿದೆ. ಎರಡು ಭಾಷೆಯಲ್ಲಿ ಪದ್ಯ ಕಟ್ಟಿದ್ದಕ್ಕಿಂತ ಅವತ್ತಿನ ಓದು ಊರಿಗೆ ಹೆಚ್ಚು ಉಪಯೋಗಕ್ಕೆ ಬಂತು ಎಂದು ಈಗಲೂ ನಮ್ಮೂರಿನವರು ನಗೆಯಾಡುತ್ತಾರೆ.

ಮನೆಯೊಳಗೇ ಉಳಿದ ಬೀಗದ ಕೈ

ಹಳ್ಳಿಯವರು ದಡ್ಡರು, ಅದಕ್ಕೇ ಹೀಗಾಯಿತು ಎಂದು ಯಾರೂ ಭಾವಿಸಬೇಕಾಗಿಲ್ಲ. ಜಗತ್ತಿನಲ್ಲೇ ದೊಡ್ಡದೆನಿಸಿದ ಕಂಪನಿಗೂ ಇದೇ ಗತಿ ಬಂದಿದ್ದುಂಟು.

2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ನಮ್ಮ ಫೋನುಗಳಲ್ಲಿ ವಾಟ್ಸಾಪ್ ನಿಂತುಹೋದದ್ದು ಹಲವರಿಗೆ ನೆನಪಿರಬಹುದು. ನಮ್ಮ ಟವರೇ ಕೆಟ್ಟಿದೆ ಎಂದು ನಾವು ಮಲಗಿದೆವು. ಅವತ್ತು ಕೆಟ್ಟದ್ದು ಅಮೆರಿಕದ ಫೇಸ್‌ಬುಕ್ ಕಂಪನಿಯ ಜಾಲ. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಕಾಲ ಲೋಕಕ್ಕೆಲ್ಲ ಇಲ್ಲವಾದವು.

ಸಿಡಿಲೂ ಇಲ್ಲ, ಕಳ್ಳರೂ ಇಲ್ಲ. ದಿನನಿತ್ಯದ ದುರಸ್ತಿಯ ವೇಳೆ, ತಮ್ಮ ದತ್ತಾಂಶ ಕೇಂದ್ರಗಳನ್ನು ಕೂಡಿಸುವ ಮುಖ್ಯ ಹಾದಿಯಲ್ಲಿ ಎಷ್ಟು ಸಾಮರ್ಥ್ಯವಿದೆ ಎಂದು ಅಳೆಯಲು ಒಂದು ಆಜ್ಞೆ ಕೊಟ್ಟರು. ಅದು ಆ ಹಾದಿಗಳನ್ನೆಲ್ಲ ಒಟ್ಟಿಗೆ ಕಡಿದುಹಾಕಿತು. ಇಂಥ ತಪ್ಪು ಆಜ್ಞೆಯನ್ನು ತಡೆಯಲೆಂದೇ ಒಂದು ಕಾವಲು ತಂತ್ರಾಂಶ ಇತ್ತು. ಅದರಲ್ಲೇ ದೋಷವಿದ್ದು ಅದು ತಡೆಯಲಿಲ್ಲ. ಕಂಪನಿಯ ವಿಳಾಸ ಹೇಳುವ ಯಂತ್ರಗಳು, ತಮ್ಮ ಕೇಂದ್ರಗಳೇ ಕಾಣುತ್ತಿಲ್ಲವಾದ್ದರಿಂದ ತಾವೇ ಸರಿಯಿಲ್ಲವೆಂದು ತಿಳಿದು ಲೋಕದ ನಕಾಶೆಯಿಂದ ಹಿಂದೆ ಸರಿದವು. ಊರೂ ಇದೆ, ಮನೆಯೂ ಇದೆ, ದಾರಿ ತೋರಿಸುವವರೇ ಎದ್ದು ಹೋದಂತಾಯಿತು.

ಮುಂದಿನದು ಇನ್ನೂ ಗಮನಾರ್ಹ. ಕೆಟ್ಟದ್ದನ್ನು ದೂರದಿಂದಲೇ ರಿಪೇರಿ ಮಾಡುವ ಸಾಧನಗಳೆಲ್ಲ ಆ ಕೆಟ್ಟ ಜಾಲದ ಮೇಲೆಯೇ ನಡೆಯುತ್ತಿದ್ದವು. ಎಂಜಿನಿಯರುಗಳು ತಾವೇ ದತ್ತಾಂಶ ಕೇಂದ್ರಗಳಿಗೆ ಹೋಗಬೇಕಾಯಿತು. ಅಲ್ಲಿಯೂ ಕಾವಲು ಬಿಗಿ, ಒಳಗೆ ಹೋದ ಮೇಲೂ ಯಂತ್ರಗಳಿಗೆ ಸುಲಭದಲ್ಲಿ ಕೈಹಾಕಲು ಬಾರದಂಥ ಏರ್ಪಾಡು. ಕಳ್ಳರಿಗಾಗಿ ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸಿತು. ಇದನ್ನೆಲ್ಲ ಆಮೇಲೆ ಕಂಪನಿಯೇ ಬಹಿರಂಗವಾಗಿ ಬರೆದು ಒಪ್ಪಿಕೊಂಡಿತು.

ನಮ್ಮ ಕಚೇರಿಯ ಈಮೇಲಿಗೂ ಅವರ ಸಾಧನಗಳಿಗೂ ಏನು ವ್ಯತ್ಯಾಸ? ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಅದೇ ಕೊಡದಲ್ಲಿ ಇಟ್ಟಿದ್ದರೆ ಹೇಗೋ ಹಾಗೆ. ಕೆಟ್ಟದ್ದನ್ನು ಸರಿಮಾಡುವ ಸಾಮಗ್ರಿ, ಕೆಡುವ ವಸ್ತುವಿನ ಆಸರೆಯಲ್ಲಿ ಇರಬಾರದು. ಇದು ಮೊದಲ ಪಾಠ.

ಜೇಬಿನಲ್ಲಿ ಎರಡು ಸಿಮ್ಮು

ಎರಡನೆಯ ಪಾಠವನ್ನು ಗಡಿಯ ಜನ ಆಗಲೇ ಬಲ್ಲರು. ನಮ್ಮ ಕಡೆ ಯಾರ ಫೋನು ಬಿಚ್ಚಿದರೂ ಎರಡು ಸಿಮ್ಮು ಸಿಗುತ್ತವೆ. ಒಂದು ಆಂಧ್ರದ್ದು, ಒಂದು ಕರ್ನಾಟಕದ್ದು; ಹೆಚ್ಚಾಗಿ ಎರಡು ಬೇರೆ ಕಂಪನಿ. ಹೊಲದ ಈ ಬದುವಿನಲ್ಲಿ ಒಂದು ಹಿಡಿದರೆ ಆ ಬದುವಿನಲ್ಲಿ ಇನ್ನೊಂದು. ಇದು ಜಾಣತನದಿಂದ ಮಾಡಿದ್ದಲ್ಲ, ಎರಡೂ ಕಡೆ ಅರೆಬರೆ ಸಿಗ್ನಲ್ಲಿನಿಂದ ಕಲಿತ ಅಭ್ಯಾಸ.

ಕೆನಡಾ ದೇಶದ ರೋಜರ್ಸ್ ಎಂಬ ದೊಡ್ಡ ಕಂಪನಿಗೆ ಈ ಅಭ್ಯಾಸದ ಬೆಲೆ ತಿಳಿದದ್ದು 2022ರ ಜುಲೈ 8ರಂದು. ಅವರ ಮುಖ್ಯ ಜಾಲವನ್ನು ಹಂತಹಂತವಾಗಿ ಮೇಲ್ದರ್ಜೆಗೆ ಏರಿಸುವ ಕೆಲಸ ನಡೆದಿತ್ತು. ಒಂದು ರೂಟರಿನ ಸೆಟ್ಟಿಂಗಿನಲ್ಲಿದ್ದ ತಡೆಯೊಂದನ್ನು ತೆಗೆದಾಗ, ಒಳಗಿನ ಯಂತ್ರಗಳ ಮೇಲೆ ಹೊರಲಾರದಷ್ಟು ಹೊರೆ ಒಮ್ಮೆಗೇ ಬಿತ್ತು. ಕೆರೆಯ ತೂಬಿನ ಗೂಟ ಕಿತ್ತರೆ ಕಾಲುವೆಯೇ ಒಡೆದಂತೆ. 1.2 ಕೋಟಿಗೂ ಹೆಚ್ಚು ಗ್ರಾಹಕರಿಗೆ ಒಂದು ದಿನಕ್ಕೂ ಮೀರಿ ಫೋನೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಅಂಗಡಿಗಳಲ್ಲಿ ಕಾರ್ಡು ನಡೆಯಲಿಲ್ಲ. ತುರ್ತಿಗೆ ಕರೆಯುವ 911 ಸಂಖ್ಯೆಯೂ ಹಲವರಿಗೆ ಸಿಗಲಿಲ್ಲ.

ರಿಪೇರಿ ಮಾಡಬೇಕಾದ ನೌಕರರೇ ಒಬ್ಬರಿಗೊಬ್ಬರು ಮಾತಾಡುವುದು ಕಷ್ಟವಾಯಿತು. ಏಕೆಂದರೆ ಅವರ ಫೋನುಗಳೂ ಅದೇ ಕಂಪನಿಯವು. ಬೇರೆ ಕಂಪನಿಯ ಸಿಮ್ಮುಗಳನ್ನು ಅವರಿಗೆ ಕಳುಹಿಸಿಕೊಡಬೇಕಾಯಿತು. ಯಂತ್ರಗಳನ್ನು ನೋಡಿಕೊಳ್ಳುವ ಜಾಲಕ್ಕೂ ಜನ ಬಳಸುವ ಜಾಲಕ್ಕೂ ಬೇರೆ ಹಾದಿ ಇರಲಿಲ್ಲವಾದ್ದರಿಂದ, ಕಾರಣ ಯಾವುದೆಂದು ಪತ್ತೆ ಹಚ್ಚಲೇ ಬಹಳ ಹೊತ್ತು ಹಿಡಿಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ದೇಶದ ಕಂಪನಿಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡವು: ಒಬ್ಬರ ಜಾಲ ಬಿದ್ದರೆ ಇನ್ನೊಬ್ಬರು ಆಸರೆ ಕೊಡಬೇಕು.

ನಮ್ಮ ದೇಶದಲ್ಲೂ ಚಂಡಮಾರುತದ ವೇಳೆ ಇಂಥದೇ ಏರ್ಪಾಡು ನಡೆಯುತ್ತಿದೆ. 2023ರ ಜೂನ್‌ನಲ್ಲಿ ಗುಜರಾತಿಗೆ ಬಿಪರ್‌ಜಾಯ್ ಅಪ್ಪಳಿಸಿದಾಗ, ಯಾವ ಕಂಪನಿಯ ಸಿಮ್ಮಿದ್ದರೂ ಸಿಕ್ಕ ಕಂಪನಿಯ ಟವರಿನಿಂದ ಮಾತಾಡುವ ಅವಕಾಶವನ್ನು ಪೀಡಿತ ಜಿಲ್ಲೆಗಳಲ್ಲಿ ಕೊಡಲಾಯಿತು. ನೆರೆಮನೆಯ ಬಾವಿಯಿಂದ ಬೇಸಿಗೆಯಲ್ಲಿ ನೀರು ಸೇದಿಕೊಳ್ಳುವ ಹಾಗೆ. ಕೊಡುವವರೂ ತಗೊಳ್ಳುವವರೂ ಮುಂಚೆ ಮಾತಾಡಿಕೊಂಡಿದ್ದರೆ ಮಾತ್ರ ಹೊತ್ತಿಗೆ ಹಗ್ಗ ಸಿಗುತ್ತದೆ.

ಪ್ರತಿ ಇಲ್ಲದ ಲೆಕ್ಕ

ಯಂತ್ರ ಕೆಟ್ಟರೆ ಯಂತ್ರ ತರಬಹುದು. ಒಳಗಿನ ಲೆಕ್ಕವೇ ಸುಟ್ಟರೆ?

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ, ಅಲ್ಲಿನ ಸರ್ಕಾರದ ದತ್ತಾಂಶ ಕೇಂದ್ರದಲ್ಲಿ ಬೆಂಕಿ ಬಿತ್ತು. ಬೆಂಕಿ ಹುಟ್ಟಿದ್ದು ಯಾವುದರಿಂದ ಗೊತ್ತೇ? ಕರೆಂಟು ಹೋದಾಗ ಕೈಹಿಡಿಯಲೆಂದು ಇಟ್ಟಿದ್ದ ಲಿಥಿಯಂ ಬ್ಯಾಟರಿಗಳಿಂದ. ಅವುಗಳನ್ನು ಬೇರೆಡೆಗೆ ಸಾಗಿಸುವ ಕೆಲಸ ನಡೆದಿರುವಾಗಲೇ ಹೊತ್ತಿಕೊಂಡವು. 709 ಸರ್ಕಾರಿ ವ್ಯವಸ್ಥೆಗಳು ನಿಂತವು. ಅಲ್ಲಿನ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಉಗ್ರಾಣದಲ್ಲಿದ್ದ 858 ಟೆರಾಬೈಟ್ ದಾಖಲೆ ಸುಟ್ಟುಹೋಯಿತು. ಅದಕ್ಕೆ ಹೊರಗೆ ಇನ್ನೊಂದು ಪ್ರತಿ ಇರಲಿಲ್ಲ. ಅಷ್ಟು ದೊಡ್ಡದಕ್ಕೆ ಪ್ರತಿ ಇಡುವುದು ಕಷ್ಟವೆಂದು ಬಿಟ್ಟಿದ್ದರು.

ಎಲ್ಲರೂ ಮೆಚ್ಚುವ ತಂತ್ರಜ್ಞಾನದ ದೇಶ ಅದು. ಅದಕ್ಕೇ ಈ ಕೆಲಸದವರು ಒಂದು ಸರಳ ಲೆಕ್ಕ ಹೇಳುತ್ತಾರೆ: ಮೂರು, ಎರಡು, ಒಂದು. ಯಾವುದೇ ಮುಖ್ಯ ದಾಖಲೆಗೆ ಮೂರು ಪ್ರತಿ ಇರಬೇಕು. ಅವು ಎರಡು ಬಗೆಯ ವಸ್ತುವಿನಲ್ಲಿರಬೇಕು. ಒಂದಾದರೂ ಬೇರೆ ಊರಿನಲ್ಲಿರಬೇಕು.

ನಮ್ಮ ಅಜ್ಜಂದಿರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ರಾಗಿಯನ್ನು ಹಗೇವಿಗೆ ತುಂಬುವ ಮುನ್ನ ಬಿತ್ತನೆಗೆ ಒಳ್ಳೆಯ ತೆನೆ ಬೇರೆ ಆರಿಸಿ, ಮಡಕೆಗೆ ಹಾಕಿ, ಬೂದಿ ಕಲಸಿ ಅಟ್ಟದ ಮೇಲೆ ಇಡುತ್ತಿದ್ದರು. ಒಂದಿಷ್ಟು ಮಗಳ ಮನೆಗೋ ಬೀಗರ ಮನೆಗೋ ಹೋಗುತ್ತಿತ್ತು. ನಮ್ಮಲ್ಲಿ ಬರ ಬಿದ್ದ ವರ್ಷ ಅಲ್ಲಿಂದ ಬೀಜ ವಾಪಸು ಬರುತ್ತಿತ್ತು. ಮನೆಯಲ್ಲಿ ಹಸಿವಿದ್ದರೂ ಆ ಮಡಕೆಗೆ ಕೈಹಾಕುವ ಹಾಗಿರಲಿಲ್ಲ.

ವಯನಾಡಿನ ಗುಡ್ಡದ ಮೇಲೆ

ಸಿದ್ಧತೆ ಕೈಹಿಡಿದ ಉದಾಹರಣೆ ಇಲ್ಲವೇ ಎಂದರೆ ಇದೆ, ಅದೂ ಈ ಪುಟದ ಓದುಗರಿರುವ ಇನ್ನೊಂದು ಗಡಿಯಲ್ಲಿ. 2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನ ಮೆಪ್ಪಾಡಿ ಪಂಚಾಯಿತಿಯ ಮುಂಡಕೈ, ಚೂರಲ್‌ಮಲೆ ಊರುಗಳ ಮೇಲೆ ಗುಡ್ಡ ಜರಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕರೆಂಟು ಹೋಯಿತು, ಸೇತುವೆ ಕೊಚ್ಚಿಹೋಯಿತು. ಚೂರಲ್‌ಮಲೆಯಲ್ಲಿ ಉಳಿದಿದ್ದ ಬಿಎಸ್‌ಎನ್‌ಎಲ್ ಟವರನ್ನು ಡೀಸೆಲ್ ಜನರೇಟರಿನ ಮೇಲೆ ನಡೆಸಿದರು. ಸಾಮರ್ಥ್ಯ ಹೆಚ್ಚಿಸಿ ಅಲ್ಲಿಗೂ ಮೆಪ್ಪಾಡಿಗೂ 4ಜಿ ಕೊಟ್ಟರು. ಮಣ್ಣಿನಡಿ ಸಿಕ್ಕವರನ್ನು ಹುಡುಕುವವರಿಗೂ, ಆಸ್ಪತ್ರೆಯವರಿಗೂ, ತಮ್ಮವರನ್ನು ಅರಸಿ ಬಂದವರಿಗೂ ಮಾತು ಸಿಕ್ಕಿದ್ದು ಹೀಗೆ.

ಬೆಂಗಳೂರನ್ನೇ ನೆಲೆ ಮಾಡಿಕೊಂಡಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಅಲ್ಲಿಗೆ ಬಂದು 190 ಅಡಿಯ ಬೈಲಿ ಸೇತುವೆಯನ್ನು ಹಗಲೂ ರಾತ್ರಿ ದುಡಿದು ಆಗಸ್ಟ್ 1ರಂದು ಮುಗಿಸಿದರು. ಬೈಲಿ ಸೇತುವೆ ಎಂದರೆ ಮುಂಚೆಯೇ ಮಾಡಿಟ್ಟ ಬಿಡಿಭಾಗಗಳ ಜೋಡಣೆ. ಭಾಗಗಳು ಉಗ್ರಾಣದಲ್ಲಿದ್ದವು, ಜೋಡಿಸುವ ಅಭ್ಯಾಸ ಕೈಗಳಲ್ಲಿತ್ತು, ಯಾರು ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಎರಡು ದಿನದ ಕೆಲಸ ಎರಡು ವಾರಕ್ಕೆ ಹೋಗುತ್ತಿತ್ತು. ನಮ್ಮ ಕಚೇರಿಯಲ್ಲಿ ಮೊದಲನೆಯದು ಮಾತ್ರ ಇತ್ತು, ಬೀರುವಿನೊಳಗೆ.

ಕರೆಂಟು ಬಂದಾಗ ಎಲ್ಲ ಮೋಟಾರೂ ಒಟ್ಟಿಗೆ

ಕೆಟ್ಟದ್ದನ್ನು ಎಬ್ಬಿಸುವುದಕ್ಕೂ ಒಂದು ಕ್ರಮವಿದೆ. ಇದು ಬೋರ್‌ವೆಲ್ ಇರುವ ರೈತನಿಗೆ ಹೊಸದಲ್ಲ. ನಮ್ಮಲ್ಲಿ ಎಲ್ಲರೂ ಆಟೋಸ್ಟಾರ್ಟರ್ ಹಾಕಿಸಿದ್ದಾರೆ. ತ್ರೀಫೇಸ್ ಕರೆಂಟು ಬಂದ ಕ್ಷಣ ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನ ಹದಿನೈದು ಇಪ್ಪತ್ತು ಮೋಟಾರುಗಳು ಒಟ್ಟಿಗೆ ಎದ್ದು ಎಳೆಯುತ್ತವೆ. ಎದ್ದೇಳುವಾಗ ಮೋಟಾರು ತಿರುಗುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟು ತಿನ್ನುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ವಾರಗಟ್ಟಲೆ ತೋಟ ಒಣಗಿದ್ದನ್ನು ಯಾರು ಕಂಡಿಲ್ಲ?

ಫೇಸ್‌ಬುಕ್ಕಿನವರಿಗೂ ಆ ರಾತ್ರಿ ಇದೇ ಭಯ. ಹಾದಿ ಸರಿಯಾದ ಕೂಡಲೇ ಲೋಕದ ಜನವೆಲ್ಲ ಒಮ್ಮೆಗೇ ನುಗ್ಗಿದರೆ ಯಂತ್ರಗಳು ಮತ್ತೆ ಬೀಳಬಹುದು. ಒಂದೊಂದು ಕೇಂದ್ರದಲ್ಲೂ ವಿದ್ಯುತ್ ಬಳಕೆ ಹತ್ತಾರು ಮೆಗಾವಾಟ್ ಇಳಿದಿತ್ತು, ಅದು ದಿಢೀರನೆ ಏರಿದರೆ ವಿದ್ಯುತ್ ವ್ಯವಸ್ಥೆಗೂ ಅಪಾಯ. ಅದಕ್ಕೇ ಹೊರೆಯನ್ನು ಸ್ವಲ್ಪಸ್ವಲ್ಪವಾಗಿ ಏರಿಸಿದರು. ಅವರು ಬಹುಕಾಲದಿಂದ ಬಿರುಗಾಳಿ ಅಭ್ಯಾಸ ಎಂದು ಮಾಡುತ್ತಿದ್ದರು, ಅಂದರೆ ಒಂದು ಕೇಂದ್ರವನ್ನೋ ಒಂದು ಪ್ರದೇಶವನ್ನೋ ಬೇಕೆಂದೇ ನಿಲ್ಲಿಸಿ ಮತ್ತೆ ಎಬ್ಬಿಸುವುದು. ಆ ಅಭ್ಯಾಸ ಆ ರಾತ್ರಿ ಕೈಗೆ ಬಂತು.

ಸಣ್ಣ ಕಚೇರಿಯಲ್ಲೂ ಕ್ರಮ ಇದೇ. ಮೊದಲು ಕರೆಂಟು, ಬ್ಯಾಟರಿ ಸರಿಯಿದೆಯೇ ನೋಡು. ಆಮೇಲೆ ಹೊರಗಿನ ತಂತಿ ಬಂದು ಸೇರುವ ಪೆಟ್ಟಿಗೆ. ಅದರ ದೀಪ ನಿಂತು ಉರಿದ ಮೇಲೆ ರೂಟರು, ಆಮೇಲೆ ಸ್ವಿಚ್ಚು, ಕೊನೆಗೆ ಕಂಪ್ಯೂಟರು ಮತ್ತು ಹೆಬ್ಬೆಟ್ಟಿನ ಮಿಷನ್. ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಕಿತ್ತು ಒಟ್ಟಿಗೆ ಸಿಕ್ಕಿಸಿದರೆ ಯಾವುದು ಕೆಟ್ಟಿತ್ತೆಂದೇ ತಿಳಿಯದು.

ಗೋಡೆಯ ಮೇಲಿನ ಹಾಳೆ

ಇಷ್ಟೆಲ್ಲ ತಿಳಿದ ಮೇಲೆ ನಾವು ಕೆಲವರು ಸೇರಿ ಆ ಕಚೇರಿಯ ಹೊಸ ಅಧಿಕಾರಿಯನ್ನು ಕಂಡೆವು. ದೂರು ಹೇಳಲು ಹೋಗಿರಲಿಲ್ಲ, ಕೇಳಿಕೊಳ್ಳಲು ಹೋಗಿದ್ದೆವು. "ಚೆಪ್ಪಂಡಿ, ಏಂ ಚೇದ್ದಾಂ" ಎಂದು ಅವರೂ ಕುರ್ಚಿ ಹಾಕಿಸಿ ಕೂರಿಸಿದರು. ಆಗಿರುವ ಕೆಲಸಕ್ಕೆ ಖರ್ಚು ಬಹಳವಿಲ್ಲ.

ಸೆಟ್ಟಿಂಗಿನ ಪ್ರತಿ ಈಗ ಮೂರು ಕಡೆ ಇದೆ. ಒಂದು ಪೆನ್‌ಡ್ರೈವಿನಲ್ಲಿ, ಒಂದು ಮೇಲಿನ ಕಚೇರಿಯಲ್ಲಿ, ಒಂದು ಕಾಗದದ ಮೇಲೆ. ಸೆಟ್ಟಿಂಗು ಬದಲಾದ ದಿನವೇ ಮೂರನ್ನೂ ಬದಲಾಯಿಸಿ ತಾರೀಖು ಹಾಕಬೇಕು. ಪಾಸ್‌ವರ್ಡು ಗೋಡೆಗೆ ಅಂಟಿಸುವ ವಸ್ತುವಲ್ಲ. ಅದು ಲಕೋಟೆಯಲ್ಲಿ, ಅಂಟು ಹಾಕಿ ಸಹಿ ಮಾಡಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಒಡೆದವರು ತಾರೀಖು ಬರೆಯಬೇಕು, ಆಮೇಲೆ ಪಾಸ್‌ವರ್ಡು ಬದಲಾಗಬೇಕು. ಬೀರುವಿನ ಹೊಸ ಪೆಟ್ಟಿಗೆಗೆ ಸೆಟ್ಟಿಂಗು ತುಂಬಿ ಇಟ್ಟಿದ್ದಾರೆ. ಅದರ ಜೊತೆಗೆ ನೆಟ್ಟು ಇಲ್ಲದೆಯೂ ಪೆಟ್ಟಿಗೆಯೊಡನೆ ನೇರ ಮಾತಾಡುವ ಕನ್ಸೋಲ್ ಕೇಬಲ್ಲು, ಒಂದು ಅಡಾಪ್ಟರು, ನಾಲ್ಕು ತಂತಿ. ಪ್ರತಿ ತಂತಿಗೂ ಎಲ್ಲಿಂದ ಎಲ್ಲಿಗೆ ಎಂದು ಬರೆದ ಚೀಟಿ.

ಸಿಡಿಲಿಗೆ ಅರ್ತಿಂಗು. ಗುಂಡಿಯಲ್ಲಿ ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿ, ಬೇಸಿಗೆಯಲ್ಲಿ ವಾರಕ್ಕೆ ಒಂದು ಬಿಂದಿಗೆ ನೀರು ಹೊಯ್ಯುವಂತೆ ಜವಾನನಿಗೆ ಹೇಳಿದ್ದಾರೆ. ಅವತ್ತು ಸಿಡಿಲು ಇಳಿದದ್ದು ಮಾಳಿಗೆಯ ಮೇಲಿನ ಬುಟ್ಟಿಯಿಂದ ಬಂದ ತಾಮ್ರದ ತಂತಿಯಲ್ಲಿ. ಗಾಜಿನ ಎಳೆಯ ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಆದಷ್ಟು ಕಡೆ ಅದನ್ನೇ ಹಾಕಿಸುವುದು ಮೇಲು. ಆದರೆ ಫೈಬರು ಗಾಳಿಗೆ ಹರಿಯಬಹುದು, ಜೆಸಿಬಿ ಹಲ್ಲಿಗೆ ಸಿಗಬಹುದು. ಅದಕ್ಕೇ ಎರಡನೆಯ ಹಾದಿಯಾಗಿ ಬೇರೆ ಕಂಪನಿಯ ಸಿಮ್ಮಿನ ಡಾಂಗಲ್ ಒಂದನ್ನು ಇಟ್ಟಿದ್ದಾರೆ.

ಗೋಡೆಯ ಮೇಲೆ ಒಂದು ಹಾಳೆ ಇದೆ. ಕೆಟ್ಟರೆ ಮೊದಲು ಏನು, ಆಮೇಲೆ ಏನು, ಯಾರಿಗೆ ಫೋನು ಎಂದು ಅದರಲ್ಲಿ ಬರೆದಿದೆ. ಎಡಗಡೆ ತೆಲುಗು, ಬಲಗಡೆ ಕನ್ನಡ. ಎರಡನ್ನೂ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಗಡಿಯ ಕಚೇರಿಯಲ್ಲಿ ಇದು ಭಾಷಾಭಿಮಾನದ ಪ್ರಶ್ನೆ ಮಾತ್ರವಲ್ಲ. ಇಲ್ಲಿ ಅಧಿಕಾರಿ ಅನಂತಪುರದಿಂದ ಬರಬಹುದು, ರಿಪೇರಿಯವನು ಸಿರಾದಿಂದಲೋ ಪಾವಗಡದಿಂದಲೋ ಬರಬಹುದು. ಹೊತ್ತಿಗೆ ಯಾರು ಬಂದರೂ ಆ ಹಾಳೆ ಅವರಿಗೆ ಓದಲು ಬರಬೇಕು. ಹೊಸೂರು, ತಾಳವಾಡಿ, ಕಾಸರಗೋಡು, ಅಕ್ಕಲಕೋಟೆ, ಜತ್ತ, ಎಲ್ಲ ಗಡಿಯ ಕಚೇರಿಗಳಿಗೂ ಈ ಮಾತು ಸಲ್ಲುತ್ತದೆ.

ಆದರೂ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೂ ಆಗಿಲ್ಲ. ಪೆಟ್ಟಿಗೆ ಸತ್ತ ದಿನ ಪುಸ್ತಕದಲ್ಲಿ ಬರೆದುಕೊಂಡು ಬೀಜ ಕೊಡಬಹುದು, ಪಡಿತರ ಕೊಡಬಹುದು, ಜಾಲ ಬಂದ ಮೇಲೆ ಏರಿಸಬಹುದು ಎಂಬ ಲಿಖಿತ ಅಪ್ಪಣೆ ಮೇಲಿನಿಂದ ಮುಂಚೆಯೇ ಬರಬೇಕು. ಈ ಕೆಲಸದ ಪಂಡಿತರು ಯೋಜನೆ ಮಾಡುವಾಗ ಎರಡು ಪ್ರಶ್ನೆ ಕೇಳುತ್ತಾರಂತೆ. ಇದು ನಿಂತರೆ ಎಷ್ಟು ಹೊತ್ತು ತಡೆದುಕೊಳ್ಳಬಲ್ಲಿರಿ? ಎಷ್ಟು ಹೊತ್ತಿನ ಲೆಕ್ಕ ಕಳೆದರೆ ನಡೆಯುತ್ತದೆ? ಇದಕ್ಕೆ ಉತ್ತರವನ್ನು ಹೈದರಾಬಾದಿನಲ್ಲೋ ಅಮರಾವತಿಯಲ್ಲೋ ಬೆಂಗಳೂರಿನಲ್ಲೋ ಕೂತು ಬರೆದರೆ ಒಂದು ವಾರ ಎಂದಾರು. ಹೊಲದಲ್ಲಿ ನಿಂತು ಬರೆದರೆ ಉತ್ತರ ಬೇರೆ. ಹದ ಎರಡು ದಿನ ನಿಲ್ಲುತ್ತದೆ, ಗಾಳಿ ಬೀಸಿದರೆ ಒಂದೇ ದಿನ. ಪಿಂಚಣಿಯಿಂದಲೇ ಔಷಧಿ ಕೊಳ್ಳುವ ಮುದುಕಿಗೆ ಅದೂ ಇಲ್ಲ. ಯಂತ್ರ ಎಷ್ಟು ಹೊತ್ತಿನೊಳಗೆ ಏಳಬೇಕೆಂಬುದನ್ನು ಅದನ್ನು ನಂಬಿದವರ ಹೊಟ್ಟೆಯೇ ಹೇಳಬೇಕು.

ಹೋದ ಮುಂಗಾರಿನಲ್ಲಿ ಒಂದು ದಿನ ಆ ಪೆಟ್ಟಿಗೆಯ ಅಡಾಪ್ಟರು ಮತ್ತೆ ಸುಟ್ಟಿತು. ಹುಡುಗ ಹಾಳೆ ನೋಡಿದ, ಬೀರು ತೆಗೆದ, ಬೇರೆ ಅಡಾಪ್ಟರು ಹಾಕಿದ, ದೀಪ ನಿಲ್ಲುವವರೆಗೆ ಕಾದ. ಹೊರಗೆ ಸಾಲಿನಲ್ಲಿದ್ದವರು ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಹೆಬ್ಬೆಟ್ಟು ಹತ್ತಿತು. ಏನೋ ಕೆಟ್ಟಿತ್ತು ಎಂಬುದೇ ಬಹಳ ಜನಕ್ಕೆ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂಟೆಗಳು ಗಾಡಿ ಏರಿದ್ದವು, ಹೊಲದಲ್ಲಿ ಇನ್ನೂ ಹದ ಇತ್ತು.